ಓದುಗರ ಪ್ರಶ್ನೆ, ನಮ್ಮ ಉತ್ತರ: ಕಡಿಮೆ ಖರ್ಚಿನಲ್ಲಿ ಲ್ಯಾಪ್‌ಲ್ಯಾಂಡ್ ಚಾರಣ

ಸ್ವೀಡನ್ನಿನ ಉತ್ತರ ತುದಿಯ ಲ್ಯಾಪ್‌ಲ್ಯಾಂಡ್‌ನಲ್ಲಿ, ಆರ್ಕ್ಟಿಕ್ ವೃತ್ತದಿಂದಲೂ ಮೇಲೆ ಹಾದುಹೋಗುವ ಕುಂಗ್ಸ್‌ಲೇಡೆನ್ ಚಾರಣದಾರಿಯ ಬಗ್ಗೆ ಈ ಬಾರಿ ಅನೇಕರು ಬರೆದಿದ್ದಾರೆ. ಬೇಸಿಗೆಯ ಕೊನೆಯಲ್ಲಿ ಒಂದು ವಾರ ಅಲ್ಲಿ ನಡೆಯಬೇಕು, ಕೈಯಲ್ಲಿರುವ ಹಣ ಕಡಿಮೆ, ಹೇಗೆ ಎಂಬುದು ಬಹುತೇಕ ಎಲ್ಲರ ಪ್ರಶ್ನೆ. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಚೇರಿ ಕೆಲಸದ ಮೇಲೆ ಸ್ಟಾಕ್‌ಹೋಮ್‌ನಲ್ಲಿದ್ದೇನೆ. ಒಟ್ಟು ಹತ್ತು ದಿನ ರಜೆ ಸಿಗುತ್ತದೆ. ಕುಂಗ್ಸ್‌ಲೇಡೆನ್ ಪೂರ್ತಿ ನಡೆಯಬಹುದೇ? ಯಾವ ವಾರ ಒಳ್ಳೆಯದು?

ಉತ್ತರ: ಪೂರ್ತಿ ಆಗುವುದಿಲ್ಲ. ಉತ್ತರದ ತುದಿ ಅಬಿಸ್ಕೊದಿಂದ ದಕ್ಷಿಣದ ತುದಿ ಹೇಮಾವಾನ್ ತನಕ ಸುಮಾರು 440 ಕಿ.ಮೀ. ಇದೆ, ಅದು ಮೂರು-ನಾಲ್ಕು ವಾರದ ಕೆಲಸ. ನಿಮ್ಮ ರಜೆಗೆ ಹೊಂದುವುದು ಉತ್ತರದ ಭಾಗ: ಅಬಿಸ್ಕೊದಲ್ಲಿ ರೈಲಿಳಿದು, ಕೆಬ್ನೆಕೈಸೆ ಪರ್ವತದ ಬುಡದಲ್ಲಿ ಪೂರ್ವಕ್ಕೆ ತಿರುಗಿ, ನಿಕ್ಕಲುವೊಕ್ತಾದಲ್ಲಿ ಬಸ್ ಹತ್ತುವ 105 ಕಿ.ಮೀ. ದಾರಿ. ತಂಗುಮನೆಗಳ ನಡುವಿನ ದೂರ ಸುಮಾರು ಹೀಗಿದೆ. ಅಬಿಸ್ಕೊದಿಂದ ಅಬಿಸ್ಕೊಯಾವ್ರೆಗೆ 15 ಕಿ.ಮೀ., ಅಲ್ಲಿಂದ ಅಲೇಸ್‌ಯಾವ್ರೆಗೆ 20, ಚೆಕ್ತ್ಯಾಕ್ಕೆ 13, ಸೆಲ್ಕಾಕ್ಕೆ 12, ಸಿಂಗಿಗೆ 12, ಕೆಬ್ನೆಕೈಸೆ ಪರ್ವತ ಕೇಂದ್ರಕ್ಕೆ 14, ಕೊನೆಗೆ ನಿಕ್ಕಲುವೊಕ್ತಾಕ್ಕೆ 19.

ನಡೆಯಲು ಆರು ದಿನ, ಹವೆ ಕೈಕೊಟ್ಟರೆ ಕೂತು ಕಾಯಲು ಒಂದು ದಿನ, ಹೋಗಿಬರಲು ಎರಡು ದಿನ ಇಟ್ಟುಕೊಳ್ಳಿ. ಆ ಕಾಯುವ ದಿನವನ್ನು ಯೋಜನೆಯಿಂದ ಕಿತ್ತುಹಾಕಬೇಡಿ. ಅದಿಲ್ಲದವರೇ ಕೆಟ್ಟ ಗಾಳಿಯಲ್ಲಿ, ಬೆಟ್ಟಗಳ ನಡುವಿನ ಎತ್ತರದ ಕಣಿವೆಮಾರ್ಗ ದಾಟಲು ಹೊರಡುವುದು. ಕೊನೆಗೆ ದುಬಾರಿ ಹಾಸಿಗೆ, ತಪ್ಪಿದ ರೈಲು ಎಂದು ಎರಡರಷ್ಟು ಖರ್ಚು ಮಾಡುವವರೂ ಅವರೇ.

ವಾರದ ಆಯ್ಕೆಗೆ ನಮ್ಮ ಮತ ಆಗಸ್ಟ್ ಕೊನೆಯ ವಾರ ಅಥವಾ ಸೆಪ್ಟೆಂಬರ್ ಮೊದಲ ವಾರಕ್ಕೆ. ಜುಲೈಯಲ್ಲಿ ಜೀವ ಹಿಂಡುವ ಸೊಳ್ಳೆಗಳು ಆ ಹೊತ್ತಿಗೆ ಬಹುಮಟ್ಟಿಗೆ ಹೋಗಿರುತ್ತವೆ. ಕುಳ್ಳ ಬರ್ಚ್ ಪೊದೆಗಳು ಕೆಂಪೇರುತ್ತವೆ. ರಾತ್ರಿ ಕತ್ತಲೆ ಮರಳಿರುವುದರಿಂದ, ಮೋಡವಿಲ್ಲದಿದ್ದರೆ ಧ್ರುವಪ್ರಭೆ ಕಾಣುವ ಸಾಧ್ಯತೆಯೂ ಉಂಟು. ಆಗಸ್ಟ್ 25ರ ಸುಮಾರಿಗೆ ಹಗಲು 16 ಗಂಟೆ ಇರುತ್ತದೆ; ಆಮೇಲೆ ದಿನಕ್ಕೆ ಸುಮಾರು 8 ನಿಮಿಷದಂತೆ ಕುಗ್ಗುತ್ತ ಸೆಪ್ಟೆಂಬರ್ 10ಕ್ಕೆ 14 ಗಂಟೆಗೆ ಇಳಿಯುತ್ತದೆ. ಜೂನ್-ಜುಲೈಯಲ್ಲಿ ಬೇಡವಾದ ತಲೆದೀಪ ಈಗ ಬೇಕು. ಆಗಸ್ಟ್ ನಡುವೆ ಇದೇ ದಾರಿಯಲ್ಲಿ ಫ್ಯೆಲ್‌ರೇವೆನ್ ಕ್ಲಾಸಿಕ್ ಎಂಬ ಸಾಮೂಹಿಕ ನಡಿಗೆ ನಡೆಯುತ್ತದೆ, ಸಾವಿರಾರು ಜನ ಸೇರುತ್ತಾರೆ. ಆ ವರ್ಷದ ದಿನಾಂಕ ನೋಡಿಕೊಂಡು ಅದನ್ನು ತಪ್ಪಿಸಿ.

ಪ್ರಶ್ನೆ: ಸ್ವೀಡನ್ ಅಂದರೆ ಕೈಸುಡುವ ದೇಶ ಎನ್ನುತ್ತಾರೆ. ಈ ಪ್ರವಾಸದಲ್ಲಿ ಹಣ ಎಲ್ಲಿ ಹೋಗುತ್ತದೆ, ಎಲ್ಲಿ ಉಳಿಸಬಹುದು?

ಉತ್ತರ: ನಡೆಯಲು ಶುಲ್ಕವಿಲ್ಲ. ಹಣ ಹೋಗುವುದು ನಾಲ್ಕು ಕಡೆ: ಪ್ರಯಾಣ, ರಾತ್ರಿಯ ತಂಗುವಿಕೆ, ದಾರಿಯಲ್ಲಿ ಕೊಳ್ಳುವ ಆಹಾರ, ಹೊಸದಾಗಿ ಕೊಂಡ ಸಾಮಾನು.

ದೊಡ್ಡ ಉಳಿತಾಯ ರಾತ್ರಿಗಳಲ್ಲಿ. ಈ ದಾರಿಯ ತಂಗುಮನೆಗಳನ್ನು ನಡೆಸುವುದು ಸ್ವೀಡಿಷ್ ಪ್ರವಾಸಿ ಸಂಘ. ಎಲ್ಲರೂ ಎಸ್‌ಟಿಎಫ್ ಎನ್ನುತ್ತಾರೆ, 1885ರಲ್ಲಿ ಹುಟ್ಟಿದ ಸಂಸ್ಥೆ. ಅಲ್ಲಿ ಒಬ್ಬರ ಹಾಸಿಗೆಗೆ ರಾತ್ರಿಗೆ ಐನೂರು ಕ್ರೋನಾ (ಸ್ವೀಡನ್ನಿನ ಹಣ) ದಾಟುತ್ತದೆ, ಕೆಬ್ನೆಕೈಸೆ ಕೇಂದ್ರದಲ್ಲಿ ಇನ್ನೂ ಹೆಚ್ಚು. ಆರು ರಾತ್ರಿ ಎಂದರೆ ಮೂರು ಸಾವಿರ ಕ್ರೋನಾಕ್ಕೂ ಮೇಲೆ. ಅದೇ ಡೇರೆ ಹೊತ್ತು, ತಂಗುಮನೆಯಿಂದ ದೂರ ಹೋಗಿ ಹಾಕಿದರೆ ಏನೂ ಕೊಡಬೇಕಿಲ್ಲ. ತಂಗುಮನೆಯ ಪಕ್ಕದಲ್ಲೇ ಡೇರೆ ಹಾಕಿ ಅಡುಗೆಮನೆ, ಒಣಗಿಸುವ ಕೋಣೆ, ಶೌಚಾಲಯ ಬಳಸುವುದಾದರೆ ಅದಕ್ಕೆ ಪ್ರತ್ಯೇಕ ಶುಲ್ಕವಿದೆ. ಅದನ್ನು ತಪ್ಪದೆ ಕೊಡಿ. ಆ ಉರುವಲು, ಆ ಗ್ಯಾಸು ಎಲ್ಲವನ್ನೂ ಅಷ್ಟು ದೂರ ಸಾಗಿಸಿ ತರಬೇಕು.

ನಮ್ಮ ಸಲಹೆ: ನಾಲ್ಕೈದು ರಾತ್ರಿ ಡೇರೆ, ನಡುವೆ ಒಂದು ರಾತ್ರಿ ತಂಗುಮನೆ. ಆ ಒಂದು ರಾತ್ರಿಗೆ ಅಲೇಸ್‌ಯಾವ್ರೆ ಅಥವಾ ಸೆಲ್ಕಾ ಆರಿಸಿಕೊಳ್ಳಿ. ಎರಡರಲ್ಲೂ ಸೌನಾ, ಅಂದರೆ ಬಿಸಿ ಆವಿಯ ಸ್ನಾನದ ಮನೆ ಇದೆ, ಸಣ್ಣ ಅಂಗಡಿ ಇದೆ, ಒದ್ದೆ ಬಟ್ಟೆ ಒಣಗಿಸಬಹುದು. ಚೆಕ್ತ್ಯಾ ಮತ್ತು ಸಿಂಗಿಯಲ್ಲಿ ಸೌನಾವೂ ಇಲ್ಲ, ಅಂಗಡಿಯೂ ಇಲ್ಲ. ತಂಗುಮನೆ ಎಂದರೆ ಹೋಟೆಲ್ ಎಂದು ಎಣಿಸಬೇಡಿ. ವಿದ್ಯುತ್ ಇರುವುದಿಲ್ಲ. ಹಾಸಿಗೆ, ದಿಂಬು, ಹೊದಿಕೆ ಇರುತ್ತದೆ, ಮೇಲುಹಾಸು ನಿಮ್ಮದೇ. ತೊರೆಯಿಂದ ನೀರು ತರುವುದು, ಸೌದೆ ಒಡೆಯುವುದು, ಹೊರಡುವ ಮುನ್ನ ಗುಡಿಸುವುದು ತಂಗಿದವರ ಪಾಲಿನ ಕೆಲಸ. ಎರಡು-ಮೂರು ರಾತ್ರಿ ತಂಗುವುದಾದರೆ ಎಸ್‌ಟಿಎಫ್ ಸದಸ್ಯತ್ವ ಪಡೆದರೆ ರಿಯಾಯಿತಿಯಲ್ಲೇ ಅದರ ಹಣ ಹುಟ್ಟುತ್ತದೆಯೇ ಎಂದು ಲೆಕ್ಕ ಹಾಕಿ ನೋಡಿ.

ದೋಣಿ ಎರಡು ಕಡೆ ಸಿಗುತ್ತದೆ, ಅಲೇಸ್‌ಯಾವ್ರೆಗೆ ಮುಂಚಿನ ಸರೋವರದಲ್ಲಿ ಮತ್ತು ನಿಕ್ಕಲುವೊಕ್ತಾ ಹತ್ತಿರದ ಲಾಜ್ಜುಯಾವ್ರಿಯಲ್ಲಿ. ಒಂದೊಂದೂ 5-6 ಕಿ.ಮೀ. ನಡಿಗೆ ಉಳಿಸುತ್ತದೆ. ಕಾಲು ನೋಯದಿದ್ದರೆ ನಡೆದೇ ಹೋಗಿ. ಆದರೂ ಒಂದಿಷ್ಟು ನಗದು ಕ್ರೋನಾ ಜೇಬಿನಲ್ಲಿರಲಿ. ಇಡೀ ದೇಶ ಕಾರ್ಡಿನ ಮೇಲೆ ನಡೆಯುತ್ತದೆ ನಿಜ, ಆದರೆ ಸಣ್ಣ ವ್ಯವಹಾರಗಳಲ್ಲಿ ಎಲ್ಲರೂ ಬಳಸುವ ಸ್ವಿಶ್ ಎಂಬ ಮೊಬೈಲ್ ಪಾವತಿಗೆ ಸ್ವೀಡನ್ನಿನ ಬ್ಯಾಂಕ್ ಖಾತೆ ಬೇಕು. ಪ್ರವಾಸಿಗರಿಗೆ ಅದು ಸಿಗದು.

ಸಾಮಾನಿನ ವಿಷಯ ಒಂದೇ ಮಾತಲ್ಲಿ: ಡೇರೆ, ಬೆನ್ನುಚೀಲ ಬಾಡಿಗೆಗೆ ಅಥವಾ ಎರವಲು ಸಿಕ್ಕರೆ ಸಾಕು, ಶೂ ಮಾತ್ರ ನಿಮ್ಮದೇ ಆಗಿರಲಿ, ಕನಿಷ್ಠ ನೂರು ಕಿ.ಮೀ. ನಡೆದು ಪಳಗಿಸಿದ್ದಾಗಿರಲಿ.

ಪ್ರಶ್ನೆ: ಸ್ವೀಡನ್‌ನಲ್ಲಿ ಎಲ್ಲಿ ಬೇಕಾದರೂ ಡೇರೆ ಹಾಕಬಹುದಂತೆ, ನಿಜವೇ?

ಉತ್ತರ: ಅಲೆಮಾನ್ಸ್‌ರೆಟೆನ್ ಎಂಬ ಸಾರ್ವಜನಿಕ ಹಕ್ಕು ಅಲ್ಲಿದೆ, 1994ರಿಂದ ಅದರ ಉಲ್ಲೇಖ ಸಂವಿಧಾನದಲ್ಲೂ ಇದೆ. ಪರರ ಜಮೀನಿನಲ್ಲಿ ಹಾದುಹೋಗಬಹುದು, ಮನೆಗಳಿಂದ ದೂರ ಒಂದೆರಡು ರಾತ್ರಿ ಡೇರೆ ಹಾಕಬಹುದು, ಹಣ್ಣು-ಅಣಬೆ ಕೀಳಬಹುದು. ಆದರೆ ರಾಷ್ಟ್ರೀಯ ಉದ್ಯಾನಗಳಿಗೆ ಅವುಗಳದ್ದೇ ನಿಯಮ. ಅಬಿಸ್ಕೊ ಉದ್ಯಾನ 1909ರಲ್ಲಿ ಆದದ್ದು, ನಿಮ್ಮ ಮೊದಲ ದಿನದ ದಾರಿ ಬಹುಪಾಲು ಅದರೊಳಗೇ ಇದೆ. ಅಲ್ಲಿ ಡೇರೆಗೆ ಗುರುತಿಸಿದ ಜಾಗಗಳು ಮಾತ್ರ: ಅಬಿಸ್ಕೊ ಪ್ರವಾಸಿ ಕೇಂದ್ರದ ಬಳಿ, ನಿಸ್ಸುನ್ಯೊಕ್ಕ್ ತೊರೆಯ ಬಳಿ, ಅಬಿಸ್ಕೊಯಾವ್ರೆ ತಂಗುಮನೆಯ ಬಳಿ. ಎಲ್ಲೋ ಒಂದು ಚೆಂದದ ದಂಡೆ ಕಂಡಿತೆಂದು ನಡುವೆ ಡೇರೆ ಬಿಚ್ಚಬೇಡಿ. ಮಧ್ಯಾಹ್ನ ರೈಲಿಳಿದು ಹೊರಟರೆ ಅಬಿಸ್ಕೊಯಾವ್ರೆ ತಲುಪಲು ಐದು ಗಂಟೆ ಬೇಕು, ಹಗಲು ಅಷ್ಟು ಉಳಿದಿರುತ್ತದೆ.

ಉದ್ಯಾನದ ಗಡಿ ದಾಟಿದ ಮೇಲೆ ಜಾಗದ ಆಯ್ಕೆ ನಿಮ್ಮದು. ಸರೋವರಕ್ಕೆ ಅಂಟಿಕೊಂಡ ಚಪ್ಪಟೆ ಹುಲ್ಲು ಆಕರ್ಷಕವಾಗಿ ಕಾಣುತ್ತದೆ. ರಾತ್ರಿ ತಂಪು ಗಾಳಿ ಇಳಿದು ನಿಲ್ಲುವುದೂ ಅಲ್ಲೇ, ಬೆಳಿಗ್ಗೆ ಡೇರೆಯ ಒಳಗೋಡೆಯಿಂದ ನೀರು ತೊಟ್ಟಿಕ್ಕುವುದೂ ಅಲ್ಲೇ. ನೀರಿನಿಂದ ಹತ್ತಿಪ್ಪತ್ತು ಮೀಟರ್ ಮೇಲೆ, ಒಂದು ದಿಬ್ಬ ಅಥವಾ ದೊಡ್ಡ ಬಂಡೆಯ ಮರೆಯಲ್ಲಿ ಹಾಕಿ. ಡೇರೆಯ ಕಿರಿದಾದ ಬದಿ ಗಾಳಿಗೆ ಎದುರಾಗಿರಲಿ. ನೆಲದಲ್ಲಿ ಕಲ್ಲು ಹೆಚ್ಚು, ಗೂಟ ಇಳಿಯದ ಕಡೆ ಹಗ್ಗವನ್ನು ಕಲ್ಲಿಗೆ ಸುತ್ತಬೇಕಾಗುತ್ತದೆ. ಅದಕ್ಕೆ ಎರಡು ಮೀಟರಿನ ನಾಲ್ಕು ಹೆಚ್ಚುವರಿ ಹಗ್ಗ ಒಯ್ಯಿರಿ. ಹೊರಡುವಾಗ ಆ ಕಲ್ಲುಗಳನ್ನು ಇದ್ದಲ್ಲಿಗೇ ಇಡಿ.

ಬೆಂಕಿ ಹಾಕುವ ಆಸೆ ಬಿಡಿ. ಮೇಲೆ ಮರವೇ ಇಲ್ಲ, ಕೆಳಗೆ ಇರುವ ಬರ್ಚ್ ಕಡಿಯುವಂತಿಲ್ಲ, ಬರಿಬಂಡೆಯ ಮೇಲೆ ಬೆಂಕಿ ಹಾಕಿದರೆ ಕಲ್ಲು ಸಿಡಿದು ಶಾಶ್ವತ ಗಾಯವಾಗುತ್ತದೆ. ಮಲವಿಸರ್ಜನೆಗೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ 15-20 ಸೆಂ.ಮೀ. ಗುಂಡಿ ತೋಡಿ ಮುಚ್ಚಬೇಕು. ಕಾಗದ ಹೂಳಬೇಡಿ, ಆ ಚಳಿಯ ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಕರಗುವುದಿಲ್ಲ. ಚೀಲದಲ್ಲಿ ಕಟ್ಟಿ ಹೊತ್ತು ತನ್ನಿ.

ಪ್ರಶ್ನೆ: ಭಾರತದಿಂದಲೇ ಹೊರಡುವವರು ಏನೇನು ಮೊದಲೇ ಮಾಡಿಕೊಳ್ಳಬೇಕು?

ಉತ್ತರ: ಮೊದಲು ವೀಸಾ. ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ 15 ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ. ನಿಯಮದಂತೆ 15 ದಿನದಲ್ಲಿ ತೀರ್ಮಾನ, ಆದರೆ ಅದು 45 ದಿನಕ್ಕೂ ಹೋಗಬಹುದು. ಬೇಸಿಗೆಯ ನೂಕುನುಗ್ಗಲಿಗೆ ಮುಂಚೆ, ಏಪ್ರಿಲ್-ಮೇಯಲ್ಲೇ ಕೊಟ್ಟುಬಿಡಿ. ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣವಿಮೆ ಕಡ್ಡಾಯ. ಅಗ್ಗದ ಎಷ್ಟೋ ಪಾಲಿಸಿಗಳು ಪರ್ವತ ಚಾರಣವನ್ನು ಹೊರಗಿಡುತ್ತವೆ. ಷರತ್ತುಗಳ ಆ ಪುಟ ಓದಿಯೇ ಕೊಳ್ಳಿ. ನಾರ್ವೆಯೂ ಷೆಂಗೆನ್ ಒಳಗೇ ಇರುವುದರಿಂದ, ಅಗ್ಗದ ವಿಮಾನ ಸಿಕ್ಕರೆ ನಾರ್ವೆಯ ನಾರ್ವಿಕ್ ಕಡೆಯಿಂದ ರೈಲಿನಲ್ಲಿ ಅಬಿಸ್ಕೊಗೆ ಬರುವುದೂ ಸಾಧ್ಯ.

ಆಮೇಲೆ ರೈಲು. ಸ್ಟಾಕ್‌ಹೋಮ್‌ನಿಂದ ಸಂಜೆ ಹೊರಡುವ ರಾತ್ರಿ ರೈಲು 17 ಗಂಟೆಗೂ ಹೆಚ್ಚು ಓಡಿ ಮರುದಿನ ಅಬಿಸ್ಕೊ ಮುಟ್ಟಿಸುತ್ತದೆ. ಕೂರುವ ಸೀಟು ಅಗ್ಗ, ಮಲಗುವ ಬರ್ತ್ ದುಬಾರಿ; ಆದರೂ ಬರ್ತ್‌ಗೆ ಹಣ ಕೊಡಿ ಎನ್ನುತ್ತೇವೆ. ಒಂದು ರಾತ್ರಿಯ ಕೋಣೆ ಬಾಡಿಗೆ ಅದರಲ್ಲೇ ಉಳಿಯುತ್ತದೆ, ಇಳಿದ ದಿನವೇ 15 ಕಿ.ಮೀ. ನಡೆಯಲು ಮೈ ಸಿದ್ಧವಿರುತ್ತದೆ. ಟಿಕೆಟ್ ಮಾರಾಟ ತೆರೆದ ಕೂಡಲೇ ಕೊಂಡರೆ ಬೆಲೆ ಕಡಿಮೆ. ಅಬಿಸ್ಕೊದಲ್ಲಿ ಎರಡು ನಿಲ್ದಾಣಗಳಿವೆ. ಊರು, ದಿನಸಿ ಅಂಗಡಿ ಇರುವುದು ಅಬಿಸ್ಕೊ ಊಸ್ತ್ರಾದಲ್ಲಿ. ದಾರಿ ಶುರುವಾಗುವುದು ಮುಂದಿನ ಪ್ರವಾಸಿ ಕೇಂದ್ರದ ನಿಲ್ದಾಣದಲ್ಲಿ.

ಇದು ಕಬ್ಬಿಣದ ಅದಿರು ಸಾಗುವ ಮಾರ್ಗ, ಹಳಿಯ ಮೇಲೆ ಭಾರ ವಿಪರೀತ. 2023ರ ಡಿಸೆಂಬರ್‌ನಲ್ಲಿ ಅದಿರು ರೈಲೊಂದು ಹಳಿ ತಪ್ಪಿ ಗಣಿಯೂರು ಕಿರುನಾಕ್ಕೂ ನಾರ್ವಿಕ್‌ಗೂ ನಡುವೆ ಮಾರ್ಗ ವಾರಗಟ್ಟಲೆ ಮುಚ್ಚಿತ್ತು. ಹಾಗಾಗಿ ಹಿಂದಿರುಗುವ ರೈಲಿಗೂ ಅಂತರರಾಷ್ಟ್ರೀಯ ವಿಮಾನಕ್ಕೂ ನಡುವೆ ಒಂದು ಪೂರ್ತಿ ದಿನ ಬಿಡಿ.

ಪ್ರಶ್ನೆ: ಗ್ಯಾಸ್ ಸ್ಟೌ ಒಯ್ಯಬೇಕೆಂದಿದ್ದೇವೆ, ಇಬ್ಬರಿದ್ದೇವೆ. ವಿಮಾನದಲ್ಲಿ ಬಿಡುತ್ತಾರೆಯೇ? ಎಷ್ಟು ಗ್ಯಾಸ್ ಬೇಕು?

ಉತ್ತರ: ಗ್ಯಾಸ್ ಡಬ್ಬಿ ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ಒಳಗೆ ಹಾಕುವ ಸಾಮಾನಿನಲ್ಲೂ ಇಲ್ಲ; ಖಾಲಿಯಂತೆ ಕಾಣುವ ಹಳೆಯ ಡಬ್ಬಿಯೂ ಇಲ್ಲ. ಸ್ಟೌ ಮಾತ್ರ ಒಯ್ಯಬಹುದು, ವಾಸನೆ ಇಲ್ಲದಂತೆ ತೊಳೆದು ಒಣಗಿಸಿ. ತಿರುಪಿನ ಬಾಯಿಯ ಸಾಮಾನ್ಯ ಡಬ್ಬಿಗಳು ಕಿರುನಾದಲ್ಲಿ, ಅಬಿಸ್ಕೊದಲ್ಲಿ, ಅಂಗಡಿಯಿರುವ ತಂಗುಮನೆಗಳಲ್ಲಿ ಸಿಗುತ್ತವೆ. ನಿಮ್ಮ ಸ್ಟೌ ಚುಚ್ಚಿ ಹಾಕುವ ಡಬ್ಬಿಯದ್ದಾದರೆ ಅದನ್ನು ಮನೆಯಲ್ಲೇ ಬಿಡಿ.

ಲೆಕ್ಕ ಹೀಗೆ. ಗಾಳಿಯಿಲ್ಲದ ಕಡೆ ಒಂದು ಲೀಟರ್ ನೀರು ಕುದಿಸಲು ಸುಮಾರು 10 ಗ್ರಾಂ ಗ್ಯಾಸ್ ಸಾಕು. ಅಲ್ಲಿನ ತಣ್ಣನೆ ನೀರು, ಬೀಸುಗಾಳಿ ಲೆಕ್ಕಕ್ಕೆ ತಂದರೆ 15 ಗ್ರಾಂ ಹಿಡಿಯಿರಿ. ಒಬ್ಬರಿಗೆ ದಿನಕ್ಕೆ ಬೆಳಿಗ್ಗೆ ಅರ್ಧ, ಸಂಜೆ ಒಂದು, ಒಟ್ಟು ಒಂದೂವರೆ ಲೀಟರ್. ಇಬ್ಬರಿಗೆ ಏಳು ದಿನಕ್ಕೆ 21 ಲೀಟರ್, ಅಂದರೆ 315 ಗ್ರಾಂ. ಒಂದು 230 ಗ್ರಾಂ, ಒಂದು 100 ಗ್ರಾಂ ಡಬ್ಬಿ ಕೊಂಡರೆ ಎಳೆದೂ ಎಳೆದೂ ಸರಿಹೋಗುತ್ತದೆ; 450 ಗ್ರಾಂನ ಒಂದೇ ಡಬ್ಬಿ ನೆಮ್ಮದಿ. ಒಂಟಿಯಾಗಿ ಹೋಗುವವರಿಗೆ 230 ಗ್ರಾಂ ಧಾರಾಳ. ಬೇಳೆ ಬೇಯಿಸುವವರಿಗೆ ಈ ಲೆಕ್ಕ ಹೊಂದದು, ಅದು ನೀರು ಕುದಿಸುವುದಕ್ಕೆ ಮಾತ್ರ.

ಬೆಳಿಗ್ಗೆ ಉರಿ ಬಡವಾಯಿತೆಂದರೆ ಡಬ್ಬಿ ಖಾಲಿಯಾಯಿತೆಂದು ಭಾವಿಸುವವರೇ ಹೆಚ್ಚು. ಕಾರಣ ಬೇರೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಸುತ್ತ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಐಸೊಬ್ಯೂಟೇನ್ ಮೈನಸ್ 12ರ ತನಕ, ಪ್ರೊಪೇನ್ ಮೈನಸ್ 42ರ ತನಕ ಕೆಲಸ ಮಾಡುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಐಸೊಬ್ಯೂಟೇನ್-ಪ್ರೊಪೇನ್ ಮಿಶ್ರಣ ಎಂದಿದೆಯೇ ನೋಡಿ. ರಾತ್ರಿ ಡಬ್ಬಿಯನ್ನು ಮಲಗುವ ಚೀಲದ ಕಾಲಬದಿಯಲ್ಲಿ ಇಟ್ಟುಕೊಳ್ಳಿ. ಗಾಳಿಗೆ ಮರೆ ಬೇಕೇ ಬೇಕು, ಆದರೆ ಡಬ್ಬಿಯ ಮೇಲೇ ಕೂರುವ ಸ್ಟೌ ಸುತ್ತ ತಗಡಿನ ಮರೆಯನ್ನು ಪೂರ್ತಿ ಸುತ್ತಬೇಡಿ. ಡಬ್ಬಿ ಕಾದು ಸಿಡಿಯಬಹುದು. ಒಂದು ಬದಿ ತೆರೆದಿರಲಿ, ಡಬ್ಬಿಯನ್ನು ಆಗಾಗ ಕೈಯಿಂದ ಮುಟ್ಟಿ ನೋಡಿ. ಮಳೆ ಎಂದು ಡೇರೆಯ ಬಾಗಿಲು ಮುಚ್ಚಿಕೊಂಡು ಒಳಗೆ ಅಡುಗೆ ಮಾಡಲೇಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಮನೆಯಿಂದ ತುಪ್ಪ, ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡು ಹೋಗಬಹುದೇ?

ಉತ್ತರ: ಅವಲಕ್ಕಿ, ಚಟ್ನಿಪುಡಿ, ಹುರಿದ ಶೇಂಗಾ ಧಾರಾಳವಾಗಿ ಒಯ್ಯಿರಿ. ತುಪ್ಪ ಬೇಡ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಹಾಲಿನಪುಡಿ, ಪೇಡ, ತುಪ್ಪದಲ್ಲಿ ಮಾಡಿದ ಉಂಡೆ ಎಲ್ಲ ಅದರಲ್ಲಿ ಬರುತ್ತವೆ. ಹಸಿ ಕರಿಬೇವು, ಹಸಿಮೆಣಸಿನಕಾಯಿಯೂ ಬೇಡ, ಹಸಿ ಗಿಡಸಾಮಗ್ರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ.

ಉಳಿದದ್ದನ್ನು ಸ್ಟಾಕ್‌ಹೋಮ್ ಅಥವಾ ಕಿರುನಾದ ಸೂಪರ್‌ಮಾರ್ಕೆಟ್ಟಿನಲ್ಲಿ ಕೊಳ್ಳಿ. ಓಟ್ಸ್, ಗೋಧಿರವೆಯಂಥ ಕುಸ್‌ಕುಸ್, ಆಲೂಗಡ್ಡೆ ಪುಡಿ, ಶೇಂಗಾ ಬೆಣ್ಣೆ, ಹಾಲಿನಪುಡಿ ಎಲ್ಲವೂ ಸಾಧಾರಣ ಬೆಲೆಗೆ ಸಿಗುತ್ತವೆ. ಕ್ನೆಕೆಬ್ರೂಡ್ ಎಂಬ ಗರಿಗರಿ ಒಣರೊಟ್ಟಿ ವಾರವಾದರೂ ಕೆಡುವುದಿಲ್ಲ, ಚೀಲದಲ್ಲಿ ಪುಡಿಯಾದರೂ ರುಚಿ ಹೋಗುವುದಿಲ್ಲ. ಬಿಸಿನೀರಿಗೆ ಕಲಸುವ ಬ್ಲೂಬೆರಿ ಸೂಪಿನ ಪುಡಿ ಸ್ವೀಡನ್ನಿನ ಚಾರಣಿಗರ ನೆಚ್ಚಿನದು. ಚಳಿಯಲ್ಲಿ ಮಧ್ಯಾಹ್ನ ಒಂದು ಲೋಟ ಕುಡಿದು ನೋಡಿ.

ಒಬ್ಬರ ಒಂದು ದಿನದ ಅಳತೆ: ಬೆಳಿಗ್ಗೆ ಓಟ್ಸ್ 100 ಗ್ರಾಂ, ಹಾಲಿನಪುಡಿ 25, ಒಣದ್ರಾಕ್ಷಿ 30. ಮಧ್ಯಾಹ್ನ ಒಣರೊಟ್ಟಿ 100, ಶೇಂಗಾ ಬೆಣ್ಣೆ 50. ನಡುನಡುವೆ ಶೇಂಗಾ-ಬಾದಾಮಿ 80, ಚಾಕೊಲೇಟ್ 80. ರಾತ್ರಿ ಕುಸ್‌ಕುಸ್ ಅಥವಾ ಅವಲಕ್ಕಿ 130, ಎಣ್ಣೆ 25, ಮೇಲೆ ಚಟ್ನಿಪುಡಿ. ಒಟ್ಟು ಸುಮಾರು 620 ಗ್ರಾಂ, 2,800 ಕಿಲೊ ಕ್ಯಾಲರಿ. ಏಳು ದಿನಕ್ಕೆ ನಾಲ್ಕು ಕಿಲೊ ಮುನ್ನೂರು ಗ್ರಾಂ ಆಯಿತು. ಎಣ್ಣೆಯನ್ನು ಬಿಡಬೇಡಿ, ಅಷ್ಟೇ ತೂಕದ ಅವಲಕ್ಕಿಗಿಂತ ಎರಡೂವರೆ ಪಟ್ಟು ಶಕ್ತಿ ಅದರಲ್ಲಿದೆ.

ನಾವು ಕಾಣುವ ಸಾಮಾನ್ಯ ತಪ್ಪು ಮಧ್ಯಾಹ್ನದ್ದು. ರಾತ್ರಿಯ ಊಟಕ್ಕೆ ಎಲ್ಲರೂ ಯೋಚಿಸುತ್ತಾರೆ, ನಡೆಯುವಾಗ ತಿನ್ನಲು ಏನೂ ಇರುವುದಿಲ್ಲ. ಮೂರು ಗಂಟೆಯ ಹೊತ್ತಿಗೆ ಮೈ ತಣ್ಣಗಾಗಿ ಕಾಲು ಎಡವಲು ಶುರು. ತಿನಿಸನ್ನು ಚೀಲದ ಒಳಗಲ್ಲ, ಕೈಗೆ ಸಿಗುವ ಜೇಬಿನಲ್ಲಿಡಿ, ಗಂಟೆಗೊಮ್ಮೆ ಬಾಯಿಗೆ ಹಾಕಿ. ಬೇಳೆ ತಿನ್ನಲೇಬೇಕೆಂದರೆ ಕೆಂಪು ಮಸೂರ ಬೇಳೆ ಆರಿಸಿ, ಮಧ್ಯಾಹ್ನವೇ ಬಾಯಿಮುಚ್ಚಿದ ಡಬ್ಬಿಯಲ್ಲಿ ನೆನೆಹಾಕಿ ಹೊತ್ತು ನಡೆಯಿರಿ. ಸಂಜೆಗೆ ಹತ್ತು ನಿಮಿಷದಲ್ಲಿ ಬೇಯುತ್ತದೆ.

ದಾರಿಯ ಅಂಗಡಿಗಳನ್ನು ನಂಬಿ ಅರ್ಧ ಆಹಾರ ಬಿಟ್ಟುಬಿಡಬೇಡಿ. ಬೆಲೆ ಹೆಚ್ಚು, ಋತು ಮುಗಿಯುವ ಹೊತ್ತಿಗೆ ಕಪಾಟು ಬರಿದಾಗುತ್ತದೆ. ಹೊರಟಲ್ಲಿಂದ 60 ಕಿ.ಮೀ.ನಲ್ಲಿರುವ ಸೆಲ್ಕಾದಲ್ಲಿ ಒಂದು ಊಟದಷ್ಟು ಕೊಳ್ಳುತ್ತೇವೆ ಎಂದು ಲೆಕ್ಕ ಹಾಕಿದರೆ ಸಾಕು. ನೀರು ಮಾತ್ರ ಹೊರುವುದು ಬೇಡ. ಹರಿಯುವ ತೊರೆಯ ನೀರನ್ನು ಎಲ್ಲರೂ ಹಾಗೇ ಕುಡಿಯುತ್ತಾರೆ. ತಂಗುಮನೆಗಳ ಕೆಳಭಾಗದಲ್ಲಿ ತುಂಬಬೇಡಿ, ಹಿಮನದಿಯಿಂದ ಬರುವ ಬೂದುಬಣ್ಣದ ನೀರನ್ನು ಕೆಸರು ತಳಕ್ಕೆ ಕೂರುವ ತನಕ ಬಿಡಿ.

ಪ್ರಶ್ನೆ: ಎಷ್ಟು ಚಳಿ? ಸ್ವೆಟರ್, ಜೀನ್ಸ್ ಸಾಕೇ?

ಉತ್ತರ: ಜೀನ್ಸ್ ಬೇಡವೇ ಬೇಡ, ಹತ್ತಿಯ ಬನಿಯನ್ನೂ ಬೇಡ. ಹತ್ತಿ ಒದ್ದೆಯಾದರೆ ಆ ಹವೆಯಲ್ಲಿ ಒಣಗುವುದಿಲ್ಲ, ಮೈಯ ಬಿಸಿ ಹೀರುತ್ತಲೇ ಇರುತ್ತದೆ. ಹಗಲು 8ರಿಂದ 14 ಡಿಗ್ರಿ, ರಾತ್ರಿ ಸೊನ್ನೆಯಿಂದ 5, ಒಮ್ಮೊಮ್ಮೆ ಸೊನ್ನೆಗೂ ಕೆಳಗೆ. ಎತ್ತರದಲ್ಲಿ ಹಿಮ ಬೀಳುವುದೂ ಅಪರೂಪವಲ್ಲ. ಅಬಿಸ್ಕೊ ಬೆಟ್ಟಗಳ ಮಳೆನೆರಳಿನಲ್ಲಿದೆ, ಸ್ವೀಡನ್ನಿನ ಅತಿ ಒಣ ಜಾಗಗಳಲ್ಲಿ ಒಂದು. ಅಲ್ಲಿನ ಬಿಸಿಲು ನೋಡಿ ಮಳೆಯಂಗಿ ಚೀಲದ ತಳಕ್ಕೆ ಸೇರಿಸಿದವರು ಮೂರನೆಯ ದಿನ ನೆನೆಯುತ್ತಾರೆ.

ಉಣ್ಣೆಯ ಅಥವಾ ಸಿಂಥೆಟಿಕ್ ಒಳಉಡುಪು ಎರಡು ಜೊತೆ, ಒಂದು ನಡೆಯಲು, ಒಂದು ಮಲಗಲು. ಮಲಗುವ ಜೊತೆ ಯಾವ ಕಾರಣಕ್ಕೂ ಹಗಲು ಮೈಗೇರಬಾರದು. ಬೆಳಿಗ್ಗೆ ಒದ್ದೆ ಬಟ್ಟೆಯನ್ನೇ ತೊಡುವುದು ಹಿಂಸೆ, ಆದರೂ ತೊಡಿ. ಹತ್ತು ನಿಮಿಷ ನಡೆದರೆ ಬೆಚ್ಚಗಾಗುತ್ತದೆ. ಫ್ಲೀಸ್, ತೆಳ್ಳನೆ ಪಫ್ ಜಾಕೆಟ್, ಮಳೆಯಂಗಿ ಮತ್ತು ಮಳೆಪ್ಯಾಂಟ್, ಟೋಪಿ, ಕೈಗವಸು, ಉಣ್ಣೆ ಕಾಲುಚೀಲ ಮೂರು ಜೊತೆ. ಬೆನ್ನುಚೀಲದ ಹೊರಹೊದಿಕೆಯನ್ನು ಗಾಳಿ ಎಬ್ಬಿಸಿಬಿಡುತ್ತದೆ. ಒಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲ ಇಟ್ಟು ಅದರಲ್ಲಿ ಎಲ್ಲ ತುಂಬುವುದು ಅಗ್ಗವೂ ಹೌದು, ಭದ್ರವೂ ಹೌದು.

ಮಲಗುವ ಚೀಲದ ಮೇಲೆ ಎರಡು ಉಷ್ಣತೆ ಬರೆದಿರುತ್ತದೆ, ಕಂಫರ್ಟ್ (ಹಾಯಾಗಿ ಮಲಗಬಹುದಾದದ್ದು) ಮತ್ತು ಲಿಮಿಟ್ (ಹೇಗೋ ತಡೆದುಕೊಳ್ಳಬಹುದಾದದ್ದು). ನೀವು ನೋಡಬೇಕಾದದ್ದು ಕಂಫರ್ಟ್, ಅದು ಸೊನ್ನೆ ಅಥವಾ ಅದಕ್ಕಿಂತ ಕೆಳಗಿರಲಿ. ಅಂಗಡಿಯವರು ದೊಡ್ಡ ಅಕ್ಷರದಲ್ಲಿ ತೋರಿಸುವುದು ಲಿಮಿಟ್. ನೆಲದ ಚಾಪೆ ಎಷ್ಟು ಚಳಿ ತಡೆಯುತ್ತದೆಂದು ತೋರಿಸುವ ಆರ್ ಮೌಲ್ಯ 3 ದಾಟಿರಲಿ. ಚೀಲ ಎಷ್ಟು ಒಳ್ಳೆಯದಾದರೂ ಮೈಯ ಅಡಿಯಲ್ಲಿ ಚಪ್ಪಟೆಯಾಗುವುದರಿಂದ ಕೆಳಗಿನ ಚಳಿ ತಡೆಯುವುದು ಚಾಪೆಯೇ. ಆಹಾರ ಸೇರಿ ಒಟ್ಟು ಹೊರೆ 14 ಕಿಲೊ ದಾಟಿದರೆ ಚೀಲ ಬಿಚ್ಚಿ ಮತ್ತೊಮ್ಮೆ ಆರಿಸಿ.

ಪ್ರಶ್ನೆ: ದಾರಿ ತಪ್ಪುವ ಭಯವಿದೆ. ಚೆಕ್ತ್ಯಾ ಕಣಿವೆಮಾರ್ಗ ಕಷ್ಟವೇ?

ಉತ್ತರ: ದಾರಿ ಸ್ಪಷ್ಟವಿದೆ, ಈ ಭಾಗದ ದೊಡ್ಡ ಹೊಳೆಗಳಿಗೆಲ್ಲ ಸೇತುವೆ ಇದೆ, ಜೌಗಿನ ಮೇಲೆ ಹಲಗೆ ಹಾಸಿದ್ದಾರೆ. ಗೊಂದಲ ಮಾಡುವುದು ಕೆಂಪು X ಗುರುತಿನ ಕಂಬಗಳು. ಎತ್ತರವಾಗಿ ಸಾಲಾಗಿ ಕಾಣುವ ಆ ಕಂಬಗಳು ಚಳಿಗಾಲದ ಸ್ಕೀ ದಾರಿಯ ಗುರುತು. ಹೆಪ್ಪುಗಟ್ಟಿದ ಸರೋವರ, ಜೌಗುಗಳ ಮೇಲೇ ನೇರ ಹೋಗುತ್ತವೆ. ಮಂಜಿನಲ್ಲಿ ಅವನ್ನು ಹಿಂಬಾಲಿಸಿದವರು ಮೊಣಕಾಲಿನ ತನಕ ಕೆಸರಿನಲ್ಲಿ ನಿಲ್ಲುತ್ತಾರೆ. ಬೇಸಿಗೆಯ ಗುರುತು ನೆಲಮಟ್ಟದಲ್ಲಿದೆ, ಕಲ್ಲಿನ ಮೇಲೆ ಬಳಿದ ಕೆಂಪು ಬಣ್ಣ ಮತ್ತು ಕಲ್ಲುಗುಪ್ಪೆ. ಕೆಲವು ಕಡೆ ಎರಡೂ ಕೂಡಿ ಹೋಗುತ್ತವೆ, ಬೇರೆಯಾಗುವ ಕಡೆ ಕಾಲಬುಡ ನೋಡಿ.

ಚೆಕ್ತ್ಯಾ ಕಣಿವೆಮಾರ್ಗ ಸುಮಾರು 1,150 ಮೀಟರ್, ಇಡೀ ಕುಂಗ್ಸ್‌ಲೇಡೆನ್‌ನ ಅತಿ ಎತ್ತರದ ಜಾಗ. ಉತ್ತರದಿಂದ ಏರು ನಿಧಾನ, ದಕ್ಷಿಣಕ್ಕೆ ಇಳಿಜಾರು ಕಡಿದು. ಕಷ್ಟ ಏರಿನದ್ದಲ್ಲ, ಮೇಲಿನ ಕಲ್ಲುರಾಶಿಯದ್ದು. ಒದ್ದೆಯಾದಾಗ ಜಾರುತ್ತದೆ, ಗಂಟೆಗೆ ಎರಡು ಕಿ.ಮೀ.ಗಿಂತ ಹೆಚ್ಚು ಸಾಗದು. ಹಲಗೆದಾರಿಯೂ ಮಳೆಯಲ್ಲಿ ಅಷ್ಟೇ ಜಾರುತ್ತದೆ, ಕಾಲು ತಿರುಚಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಹಿಂದಿನ ಸಂಜೆ ಕಣಿವೆಮಾರ್ಗದ ಕೆಳಗೆ ನಿಂತು, ಬೆಳಿಗ್ಗೆ ಬೇಗ ದಾಟಿ. ತಂಗುಮನೆಯ ಮೇಲ್ವಿಚಾರಕರು ಹವಾಮಾನದ ಮುನ್ಸೂಚನೆ ಹಾಕಿರುತ್ತಾರೆ, ಓದಿ, ಅವರನ್ನೇ ಕೇಳಿ. ಮೇಲೆ ಒಂದು ಆಸರೆಮನೆ ಇದೆ, ಸೆಲ್ಕಾ ಮತ್ತು ಸಿಂಗಿ ನಡುವೆ ಕುವೊಪೆರ್‌ಯೊಕ್ಕದಲ್ಲಿ ಇನ್ನೊಂದು. ಅವು ಊಟಕ್ಕೆ, ಗಾಳಿಗೆ ಮರೆಯಾಗಲು. ರಾತ್ರಿ ಉಳಿಯುವುದು ಆಪತ್ತಿನಲ್ಲಿ ಮಾತ್ರ.

ಅಬಿಸ್ಕೊ ಬಿಟ್ಟ ಮೇಲೆ ಕೆಬ್ನೆಕೈಸೆ ತನಕ ಮೊಬೈಲ್ ಸಿಗ್ನಲ್ ಇಲ್ಲವೆಂದೇ ಹೊರಡಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ, ಜೊತೆಗೆ 1:100 000 ಪ್ರಮಾಣದ ಕಾಗದದ ನಕ್ಷೆ. ಚಳಿಗೆ ಬ್ಯಾಟರಿ ಬೇಗ ಬಸಿಯುತ್ತದೆ, ಫೋನ್ ಮೈಗೆ ತಾಗಿದ ಜೇಬಿನಲ್ಲಿರಲಿ. ತುರ್ತು ಸಂಖ್ಯೆ 112. ಕೆಲವು ತಂಗುಮನೆಗಳಲ್ಲಿ ತುರ್ತು ದೂರವಾಣಿ ಇದೆ, ಎಲ್ಲೆಲ್ಲಿ ಎಂಬುದನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಳ್ಳಿ. ಜೊತೆಗಾರರು ನಡುಗುವುದು ನಿಲ್ಲಿಸಿ, ಮಾತು ತೊದಲಿ, ಅಸಡ್ಡೆಯಿಂದ ನಡೆಯತೊಡಗಿದರೆ ಅದು ಆಯಾಸವಲ್ಲ, ಮೈಯ ಬಿಸಿ ಅಪಾಯದ ಮಟ್ಟಕ್ಕೆ ಇಳಿಯುತ್ತಿದೆ. ಅಲ್ಲೇ ಡೇರೆ ಹಾಕಿ, ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದು ತೊಡಿಸಿ ಮಲಗುವ ಚೀಲಕ್ಕೆ ಸೇರಿಸಿ, ಪ್ರಜ್ಞೆ ಸರಿಯಿದ್ದು ನುಂಗಬಲ್ಲರಾದರೆ ಬಿಸಿ ಸಿಹಿ ಪಾನೀಯ ಕೊಡಿ, ನೆರವು ಕರೆಯಿರಿ.

ಪ್ರಶ್ನೆ: ಹೇಗೂ ಹೋಗುತ್ತೇವೆ, ಕೆಬ್ನೆಕೈಸೆ ಶಿಖರವನ್ನೂ ಹತ್ತಿಬಿಡೋಣವೇ?

ಉತ್ತರ: ಕಾಯುವ ದಿನವನ್ನು ಇದಕ್ಕೆ ಬಳಸುವ ಯೋಚನೆಯಾದರೆ ಬೇಡ. ಪಶ್ಚಿಮದ ಸಾಮಾನ್ಯ ದಾರಿಯಲ್ಲೇ 10ರಿಂದ 14 ಗಂಟೆ ಬೇಕು, ನಡುವೆ ಒಂದು ಬೆಟ್ಟ ಹತ್ತಿ ಇಳಿದು ಮತ್ತೆ ಹತ್ತಬೇಕಾದ್ದರಿಂದ ಒಟ್ಟು ಏರು ಸುಮಾರು 1,800 ಮೀಟರ್. ದಕ್ಷಿಣ ಶಿಖರದ ನೆತ್ತಿ ಮಂಜುಗಡ್ಡೆಯದು, ಋತುವಿನ ಕೊನೆಗೆ ಗಟ್ಟಿಯಾಗಿ ಜಾರುತ್ತದೆ. ಅದು ಕರಗುತ್ತ ಬಂದು 2019ರಲ್ಲಿ ಉತ್ತರ ಶಿಖರವೇ ಸ್ವೀಡನ್ನಿನ ಅತಿ ಎತ್ತರದ ಜಾಗವಾಯಿತು. ಹತ್ತಬೇಕೆಂದರೆ ಇನ್ನೂ ಎರಡು ದಿನ ಸೇರಿಸಿಕೊಳ್ಳಿ.

ಪ್ರಶ್ನೆ: ಅಪ್ಪ-ಅಮ್ಮನಿಗೆ ಅರವತ್ತೈದು ದಾಟಿದೆ. ಭಾರ ಹೊತ್ತು ನಡೆಯಲಾರರು. ಅವರಿಗೂ ಏನಾದರೂ ಇದೆಯೇ?

ಉತ್ತರ: ಅಬಿಸ್ಕೊದಲ್ಲೇ ಎರಡು-ಮೂರು ದಿನ ಇರಿಸಿ. ಪ್ರವಾಸಿ ಕೇಂದ್ರದ ಪಕ್ಕದಲ್ಲೇ ನದಿ ಕೊರೆದ ಕಮರಿ ಇದೆ, ದಂಡೆಯ ಕಾಲುದಾರಿ ಸುಲಭ. ನ್ಯುಲ್ಲಾ ಬೆಟ್ಟಕ್ಕೆ ಕುರ್ಚಿ ಲಿಫ್ಟ್ ಇದೆ, ಸುಮಾರು 900 ಮೀಟರ್ ಎತ್ತರದಿಂದ ತೋರ್ನೆ ಸರೋವರವೂ ಲಾಪ್ಪೋರ್ಟೆನ್ ಎಂಬ ಅರ್ಧಚಂದ್ರದ ಕಣಿವೆಯೂ ಕಾಣುತ್ತವೆ. ಲಿಫ್ಟ್ ಓಡುತ್ತಿದೆಯೇ, ಯಾವ ದಿನ ಎಂದು ಮೊದಲೇ ವಿಚಾರಿಸಿ, ಗಾಳಿ ಜೋರಿದ್ದರೆ ನಿಲ್ಲಿಸುತ್ತಾರೆ.

ಪ್ರಶ್ನೆ: ಹಿಮಸಾರಂಗ ಎದುರಾದರೆ ಏನು ಮಾಡಬೇಕು? ಹಣ್ಣು ಕಿತ್ತು ತಿನ್ನಬಹುದೇ, ಮೀನು ಹಿಡಿಯಬಹುದೇ?

ಉತ್ತರ: ಅಲ್ಲಿ ಕಾಣುವ ಹಿಮಸಾರಂಗಗಳೆಲ್ಲ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಸಾಕುಪ್ರಾಣಿಗಳು, ಅವರ ಬದುಕು ನಿಂತಿರುವುದೇ ಅವುಗಳ ಮೇಲೆ. ಮಂದೆ ಕಂಡರೆ ಸದ್ದಿಲ್ಲದೆ ಕುಳಿತುಬಿಡಿ, ದಾಟಿಹೋಗಲು ಬಿಡಿ. ಫೋಟೋಗಾಗಿ ಓಡಿಸಿದರೆ ಚದುರಿದ ಮಂದೆಯನ್ನು ಒಟ್ಟುಗೂಡಿಸಲು ಅವರು ದಿನಗಟ್ಟಲೆ ಅಲೆಯಬೇಕಾಗುತ್ತದೆ. ಬ್ಲೂಬೆರಿ, ಲಿಂಗನ್‌ಬೆರಿ ತಿನ್ನಬಹುದು; ಗುರುತು ಖಚಿತವಿಲ್ಲದ್ದನ್ನು ಬಾಯಿಗಿಡಬೇಡಿ. ಮೀನುಗಾರಿಕೆ ಸಾರ್ವಜನಿಕ ಹಕ್ಕಿನಲ್ಲಿ ಸೇರಿಲ್ಲ, ಅದಕ್ಕೆ ಪರವಾನಗಿ ಬೇಕು.

ಪ್ರಶ್ನೆ: ಕೊನೆಯ ದಿನ ನಿಕ್ಕಲುವೊಕ್ತಾದಿಂದ ಹೊರಬರುವುದು ಹೇಗೆ?

ಉತ್ತರ: ಬಸ್ಸಿನಲ್ಲಿ, ಕಿರುನಾಕ್ಕೆ ಸುಮಾರು 70 ಕಿ.ಮೀ. ದಿನಕ್ಕೆ ಕೆಲವೇ ಬಸ್ಸು, ಸೆಪ್ಟೆಂಬರ್ ಮುಂದುವರಿದಂತೆ ಅವೂ ಕಡಿಮೆಯಾಗಿ ನಿಲ್ಲುತ್ತವೆ. ವೇಳಾಪಟ್ಟಿಯನ್ನು ಹೊರಡುವ ಮುನ್ನವೇ ಬರೆದಿಟ್ಟುಕೊಳ್ಳಿ. ಕೆಬ್ನೆಕೈಸೆ ಕೇಂದ್ರದಿಂದ ಉಳಿದ 19 ಕಿ.ಮೀ. ಸಮತಟ್ಟು ಎಂದು ಹಗುರವಾಗಿ ತೆಗೆದುಕೊಂಡು ಹತ್ತು ಗಂಟೆಗೆ ಎದ್ದು ಹೊರಡುವವರು ಬಸ್ ತಪ್ಪಿಸಿಕೊಳ್ಳುತ್ತಾರೆ. ದಣಿದ ಕಾಲಿಗೆ, ಕಲ್ಲಿನ ದಾರಿಯಲ್ಲಿ, ಆರು ಗಂಟೆ ಹಿಡಿಯಿರಿ. ಟ್ಯಾಕ್ಸಿ ಹಿಡಿದರೆ ಡೇರೆಯಲ್ಲಿ ಮಲಗಿ ಉಳಿಸಿದ್ದು ಅಲ್ಲೇ ಹೋಗುತ್ತದೆ.

ಕಿರುನಾದಲ್ಲಿ ಹಳೆಯ ಮಾರ್ಗದರ್ಶಿ ಪುಸ್ತಕ ನೋಡಬೇಡಿ. ಗಣಿಯಿಂದಾಗಿ ನೆಲ ಕುಸಿಯುತ್ತಿರುವುದರಿಂದ ಊರನ್ನೇ ಪೂರ್ವಕ್ಕೆ ಸರಿಸುತ್ತಿದ್ದಾರೆ. ರೈಲು ನಿಲ್ದಾಣ 2013ರಲ್ಲಿ ಊರ ಹೊರಗಿನ ತಾತ್ಕಾಲಿಕ ಜಾಗಕ್ಕೆ ಹೋಯಿತು, ಹೊಸ ಪೇಟೆ 2022ರಲ್ಲಿ ತೆರೆಯಿತು, 2025ರ ಆಗಸ್ಟ್‌ನಲ್ಲಿ ಮರದ ದೊಡ್ಡ ಚರ್ಚನ್ನೂ ಇಡಿಯಾಗಿ ಹೊಸ ಜಾಗಕ್ಕೆ ಸಾಗಿಸಿದರು. ಬಸ್ಸು ಎಲ್ಲಿ ಇಳಿಸುತ್ತದೆ, ಅಲ್ಲಿಂದ ರೈಲು ನಿಲ್ದಾಣಕ್ಕೆ ಹೇಗೆ ಹೋಗುವುದು ಎಂಬುದನ್ನು ಆ ವಾರದ ಮಾಹಿತಿಯಿಂದಲೇ ತಿಳಿದುಕೊಳ್ಳಿ. ರಾತ್ರಿ ರೈಲಿಗೆ ಹೊತ್ತು ಉಳಿದಿದ್ದರೆ ಮಿಕ್ಕ ಗ್ಯಾಸ್ ಡಬ್ಬಿಯನ್ನು ಅಬಿಸ್ಕೊ ಕಡೆ ಹೊರಟ ಯಾರಿಗಾದರೂ ಕೊಟ್ಟುಬಿಡಿ. ವಿಮಾನ ನಿಲ್ದಾಣದಲ್ಲಿ ಹೇಗೂ ಕಿತ್ತುಕೊಳ್ಳುತ್ತಾರೆ.